ಹಾರ ಹಾಕದ ಫೋಟೋಗಳು

ಕೊಡಗಿನಲ್ಲಿ ಕಾಫಿ ಬೆಳೆಯುವವರಿಗೆ ಎಲೆ ತುಕ್ಕು ರೋಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಮುಂದೇನು ಮಾಡಬೇಕು, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಎಂಬುದು ತೋಟದ ಮನೆಗಳ ಮಕ್ಕಳಿಗೂ ಬಾಯಿಪಾಠ. ಇದೇ ರೋಗ 1869ರಲ್ಲಿ ಶ್ರೀಲಂಕಾದ ಕಾಫಿ ತೋಟಗಳಲ್ಲಿ ಕಾಣಿಸಿಕೊಂಡು, ಸುಮಾರು ಎರಡು ದಶಕಗಳೊಳಗೆ ಆ ದ್ವೀಪದ ಕಾಫಿ ಉದ್ಯಮವನ್ನೇ ನೆಲಕಚ್ಚಿಸಿತು. ಅದಕ್ಕೆ ಎರಡು ವರ್ಷ ಮೊದಲು, 1867ರಲ್ಲಿ, ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನ ತೋಟಗಾರ ಕ್ಯಾಂಡಿಯ ಹತ್ತಿರದ ಲೂಲೆಕಂಡೆರಾ ಎಸ್ಟೇಟಿನಲ್ಲಿ ಚಹಾ ನೆಟ್ಟಿದ್ದ. ಕಾಫಿ ಸತ್ತ ಗುಡ್ಡಗಳಿಗೆಲ್ಲ ಚಹಾ ಬಂತು. ಬೆಳೆ ಬದಲಾದರೂ ದುಡಿಯುವ ಕೈಗಳು ಬದಲಾಗಲಿಲ್ಲ. ಕಾಫಿಗೆಂದು ಮದರಾಸು ಪ್ರಾಂತ್ಯದ ಹಳ್ಳಿಗಳಿಂದ ಕರೆತಂದ ಜನ, ಮನ್ನಾರ್ ಕಡಲತೀರದಲ್ಲಿ ಇಳಿದು ಕಾಡಿನ ನಡುವೆ ನಡೆದು ಬೆಟ್ಟ ಹತ್ತಿದ ಜನ, ದಾರಿಯಲ್ಲೇ ಕಾಲರಾ, ಮಲೇರಿಯಾಗಳಿಗೆ ಬಲಿಯಾದವರನ್ನು ಹಿಂದೆ ಬಿಟ್ಟು ಬಂದವರ ಮಕ್ಕಳು ಮೊಮ್ಮಕ್ಕಳು, ಚಹಾದ ಚಿಗುರು ಕೀಳತೊಡಗಿದರು.

ಮಡಿಕೇರಿಯಲ್ಲಿ ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜ್ ಫೋಟೋಗಳಿಂದ ಹೊಟ್ಟೆ ಹೊರೆಯುವ ನಾನು, ಕೈಯಲ್ಲಿ ಒಂದಿಷ್ಟು ದುಡ್ಡು ಉಳಿದಾಗಲೆಲ್ಲ ಕೆಲವು ವರ್ಷಗಳಿಂದ ಶ್ರೀಲಂಕಾಕ್ಕೆ ಹೋಗಿಬರುತ್ತಿದ್ದೇನೆ. ಆ ದೇಶ ಎಷ್ಟು ಚಂದವೆಂದು ವಿವರಿಸುವುದು ನನ್ನ ಉದ್ದೇಶವಲ್ಲ; ಅದನ್ನು ಹೇಳುವ ಚಿತ್ರಗಳು ಬೇಕಾದಷ್ಟಿವೆ, ನಾನು ತೆಗೆದವೂ ಅವುಗಳಲ್ಲಿ ಸೇರಿವೆ. ನಾನು ಹೇಳಬೇಕಾದದ್ದು ಅಡಿಬರಹಗಳ ಬಗ್ಗೆ. ಸರ್ಕಾರಕ್ಕೂ ಪ್ರತ್ಯೇಕ ತಮಿಳು ದೇಶ ಬೇಕೆಂದ ಎಲ್‌ಟಿಟಿಇ ಬಂಡುಕೋರರಿಗೂ ಇಪ್ಪತ್ತಾರು ವರ್ಷ ಯುದ್ಧ ನಡೆದ ನೆಲದಲ್ಲಿ ತೆಗೆದ ಬೆಟ್ಟದ ಚಿತ್ರವೊಂದು, ಅದು ಯಾವ ಊರು, ಅಲ್ಲಿ ಏನಾಗಿತ್ತು, ಯಾವ ವರ್ಷ ಎಂಬುದನ್ನು ಹೇಳದೆ ಬರೀ ಬೆಟ್ಟವಾಗಿ ಗೋಡೆಗೇರಿದರೆ ಅದು ಅರ್ಧ ಕೆಲಸ ಎಂದು ನಾನು ಈಗ ದೃಢವಾಗಿ ನಂಬುತ್ತೇನೆ. ಹಾಗೆ ನಂಬಲು ಕಾರಣವಾದದ್ದು ನಾನು ತೆಗೆದ ಯಾವ ಚಿತ್ರವೂ ಅಲ್ಲ, ಅಲ್ಲಿನ ಜನ ಕೈಯಲ್ಲಿ ಹಿಡಿದುಕೊಂಡಿದ್ದ ಚಿತ್ರಗಳು.

ಮೊದಲು ಬೆಟ್ಟಗಳ ಮಾತು. ಹ್ಯಾಟನ್, ನುವಾರ ಎಲಿಯ ಸುತ್ತಮುತ್ತ ಓಡಾಡುವಾಗ ಕೊಡಗಿನವನಿಗೆ ಪರಕೀಯ ಅನಿಸುವುದು ಬಹಳ ಕಡಿಮೆ. ಸಿಲ್ವರ್ ಓಕ್ ಮರಗಳು ಅವೇ, ಬೆಳಗಿನ ಮಂಜು ಅದೇ, ತೋಟದ ಅಂಚಿನ ಮಾರಿಯಮ್ಮನ ಗುಡಿಯೂ ಅದೇ. ನಾವು ಲೈನ್ ಮನೆ ಎನ್ನುವುದನ್ನು ಅವರೂ ಲೈನ್ ಎಂದೇ ಕರೆಯುತ್ತಾರೆ: ಒಂದೇ ಮಾಡಿನ ಅಡಿಯಲ್ಲಿ ಸಾಲಾಗಿ ಹತ್ತಿಪ್ಪತ್ತು ಕೋಣೆಗಳು, ಪ್ರತಿ ಕೋಣೆಯೂ 10 ಅಡಿಗೆ 12 ಅಡಿಯ ಆಸುಪಾಸು, ಎದುರಿಗೆ ಹೊಗೆ ಹಿಡಿದ ಜಗಲಿ. ನಮ್ಮ ತೋಟಗಳಲ್ಲಿ ಕೇಳಿ ಕಲಿತ ತಮಿಳು ಅಲ್ಲಿ ಸಲೀಸಾಗಿ ನಡೆಯುತ್ತದೆ. ರಸ್ತೆಗೆ ಹತ್ತಿರದ ತೋಟಗಳಲ್ಲಿ, ಪ್ರವಾಸಿಗರ ವ್ಯಾನು ನಿಂತ ಕೂಡಲೇ ಚಿಗುರು ಕೀಳುವ ಹೆಂಗಸರು ಕ್ಯಾಮರಾಕ್ಕೆ ಮುಖ ಮಾಡಿ ನಿಲ್ಲುತ್ತಾರೆ, ಆಮೇಲೆ ದುಡ್ಡು ಕೇಳುತ್ತಾರೆ. ಇದನ್ನು ಆಕ್ಷೇಪಿಸುವ ಫೋಟೋಗ್ರಾಫರುಗಳನ್ನು ಕಂಡಿದ್ದೇನೆ. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಸೀರೆಯ ಮೇಲೆ ಕಟ್ಟಿಕೊಂಡ ಪ್ಲಾಸ್ಟಿಕ್ ಹಾಳೆ, ಹಣೆಗೆ ಕೊಟ್ಟ ಪಟ್ಟಿಯಿಂದ ಬೆನ್ನಿಗೆ ಜೋತ ಚೀಲ, ಚಹಾದ ಕರೆ ಹಿಡಿದು ಕಪ್ಪಾಗಿ ಸೀಳಿದ ಬೆರಳ ತುದಿ ಇವೆಲ್ಲವೂ ಆಕೆಯವು. ಅವುಗಳ ಚಿತ್ರದಿಂದ ಜಗತ್ತು ಚಹಾ ಮಾರುತ್ತದೆ, ಆಕೆಗೂ ಒಂದು ಪಾಲು ಸಿಗಲಿ.

ಆ ಬೆರಳುಗಳ ಚಿತ್ರದ ಕೆಳಗೆ ಬರೆಯಬೇಕಾದದ್ದು ಇದು. 1948ರ ಫೆಬ್ರವರಿಯಲ್ಲಿ ಸ್ವತಂತ್ರವಾದ ಸಿಲೋನ್, ಅದೇ ವರ್ಷ ತಂದ ಪೌರತ್ವ ಕಾಯ್ದೆಯ ಮೂಲಕ ಈ ತೋಟದ ಜನರ ಬಹುಪಾಲನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ಮುಂದೆ 1964ರ ಅಕ್ಟೋಬರಿನಲ್ಲಿ ಸಿರಿಮಾವೊ ಬಂಡಾರನಾಯಿಕೆ ಮತ್ತು ಲಾಲ್ ಬಹದ್ದೂರ್ ಶಾಸ್ತ್ರಿ ಸಹಿ ಹಾಕಿದ ಒಪ್ಪಂದ, ಅವರಲ್ಲಿ 5,25,000 ಮಂದಿಯನ್ನು ಭಾರತಕ್ಕೂ 3,00,000 ಮಂದಿಯನ್ನು ಶ್ರೀಲಂಕಾಕ್ಕೂ ಹಂಚಿತು. ಉಳಿದ 1,50,000 ಮಂದಿಯ ವಿಚಾರವನ್ನು ಆಮೇಲೆ ನೋಡೋಣವೆಂದು ಬಿಟ್ಟು, 1974ರಲ್ಲಿ ಅರ್ಧರ್ಧ ಮಾಡಿಕೊಂಡರು. ಹೀಗೆ ಎಣಿಸಿ ಹಂಚಿದ್ದು ಮನುಷ್ಯರನ್ನು, ಅದೂ ಅವರನ್ನು ಒಂದು ಮಾತು ಕೇಳದೆ.

ಹೀಗೆ ಬಂದವರಲ್ಲಿ ಒಂದು ಭಾಗ ನಮ್ಮ ಪಕ್ಕದಲ್ಲೇ ಇದ್ದಾರೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದರೆ ಸುಳ್ಯ. ಅಲ್ಲಿಂದ ಪುತ್ತೂರು, ಸುಬ್ರಹ್ಮಣ್ಯದವರೆಗೆ ಹಬ್ಬಿರುವ ಸರ್ಕಾರಿ ರಬ್ಬರ್ ತೋಟಗಳನ್ನು ಎಬ್ಬಿಸಿದ್ದೇ ಲಂಕೆಯಿಂದ ವಾಪಸಾದವರಿಗೆ ನೆಲೆ ಕಲ್ಪಿಸಲು. ತಲೈಮನ್ನಾರಿನಿಂದ ಹಡಗಿನಲ್ಲಿ ರಾಮೇಶ್ವರ, ಅಲ್ಲಿಂದ ಮಂಡಪಂ ಶಿಬಿರ, ಅಲ್ಲಿಂದ ಕನ್ನಡ ಎಂಬ ಕೇಳದ ಭಾಷೆಯ ಊರು. ಅಲ್ಲಿನ ಕಾಲೊನಿಯೊಂದರಲ್ಲಿ ವಯಸ್ಸಾದ ಹೆಂಗಸೊಬ್ಬರು ನನಗೆ ಒಂದು ಫೋಟೋ ತೋರಿಸಿದರು. ಪ್ರಯಾಣದ ಕಾಗದಪತ್ರಕ್ಕೆಂದು ಹ್ಯಾಟನ್ನಿನ ಸ್ಟುಡಿಯೊದಲ್ಲಿ ತೆಗೆಸಿದ್ದು. ಅಪ್ಪ, ಅಮ್ಮ, ಮಕ್ಕಳು ಎತ್ತರದ ಕ್ರಮದಲ್ಲಿ ಸಾಲಾಗಿ ನಿಂತಿದ್ದಾರೆ, ಎಲ್ಲರ ಕೈಯೂ ಪಕ್ಕಕ್ಕೆ ಬಿಗಿಯಾಗಿ ಇಳಿದಿದೆ, ಕೊನೆಯಲ್ಲಿ ನಿಂತ ಪುಟ್ಟ ಹುಡುಗಿಯ ತಲೆ ಅಲುಗಾಡಿ ಮಸುಕಾಗಿದೆ. ಆ ಹುಡುಗಿಯೇ ಅವರು. "ತಂಬಿ, ನಮ್ಮ ತೋಟದ ಮಾರಿಯಮ್ಮನ ಗುಡಿ ಇನ್ನೂ ಇದೆಯಾ ನೋಡಿಕೊಂಡು ಬಾ" ಎಂದರು. ಗುಡಿ ಇದೆ, ಹೊಸದಾಗಿ ಬಣ್ಣ ಬಳಿದಿದ್ದಾರೆ. ಅದರ ಪ್ರಿಂಟು ಅವರಿಗೆ ತಲುಪಿದೆ.

ಕ್ಯಾಂಡಿಯಿಂದ ಎಲ್ಲ ಎಂಬ ಊರಿಗೆ ಹೋಗುವ ನೀಲಿ ರೈಲಿನ ಬಗ್ಗೆ, ಒಂಬತ್ತು ಕಮಾನಿನ ಸೇತುವೆಯ ಬಗ್ಗೆ ನಾನು ಬರೆಯುವುದಿಲ್ಲ. ಆ ಬಾಗಿಲಲ್ಲಿ ತೂಗಿ ನಿಂತ ಚಿತ್ರಗಳನ್ನು ಎಲ್ಲರೂ ನೋಡಿದ್ದೀರಿ. ಬುದ್ಧನ ಹಲ್ಲನ್ನು ಇರಿಸಿದ ಕ್ಯಾಂಡಿಯ ದಂತ ದೇವಾಲಯದ ಬಗ್ಗೆ ಮಾತ್ರ ಒಂದು ಮಾತು. ಬುದ್ಧನ ವಿಗ್ರಹಕ್ಕೆ ಬೆನ್ನು ಮಾಡಿ ನಿಂತು ಫೋಟೋ ತೆಗೆಸಿಕೊಳ್ಳಬಾರದೆಂದು ಅಲ್ಲಿ ಕಟ್ಟುನಿಟ್ಟಾಗಿ ಹೇಳುತ್ತಾರೆ, ಅದು ಸರಿಯಾದದ್ದೇ. ಕೆರೆಯ ನೀರಿನಲ್ಲಿ ಅದರ ಬಿಳಿ ಗೋಡೆ ಬಿಂಬಿಸುವ ಸಂಜೆ ನಿಜಕ್ಕೂ ಚೆಲುವು. 1998ರ ಜನವರಿ 25ರಂದು ಎಲ್‌ಟಿಟಿಇ ಸ್ಫೋಟಕ ತುಂಬಿದ ಲಾರಿಯನ್ನು ನುಗ್ಗಿಸಿದ್ದು ಅದೇ ದೇವಾಲಯದ ಬಾಗಿಲಿಗೆ. ಒಡೆದ ಕಲ್ಲುಗಳನ್ನು ಮತ್ತೆ ಹೊಂದಿಸಿ ನಿಲ್ಲಿಸಿದ್ದಾರೆ. ಸಿಂಹಳೀಯರ ದುಃಖವನ್ನು ಬಿಟ್ಟು ತಮಿಳರ ದುಃಖವನ್ನು ಮಾತ್ರ ಹೇಳುವುದೂ, ಅದನ್ನು ತಿರುಗಿಸಿ ಹೇಳುವುದೂ ನನ್ನ ಮಟ್ಟಿಗೆ ಚಿತ್ರದ ಅಂಚನ್ನು ಬೇಕೆಂದೇ ಕತ್ತರಿಸುವ ಕೆಲಸ.

ಕ್ಯಾಂಡಿಯಿಂದ ಉತ್ತರಕ್ಕೆ ಜಾಫ್ನಾದವರೆಗೆ ಹೋಗುವ ರಸ್ತೆಯ ಹೆಸರು ಎ-9. ಯುದ್ಧದ ಕಾಲದಲ್ಲಿ ವರ್ಷಗಟ್ಟಲೆ ಮುಚ್ಚಿದ್ದ ಈ ರಸ್ತೆ 2002ರ ಕದನ ವಿರಾಮದಲ್ಲಿ ತೆರೆದು, 2006ರಲ್ಲಿ ಮತ್ತೆ ಮುಚ್ಚಿ, 2009ರಲ್ಲಿ ಯುದ್ಧ ಮುಗಿದ ಮೇಲೆ ಮತ್ತೆ ತೆರೆಯಿತು. ಈಗ ಅದು ನುಣುಪಾದ ಡಾಂಬರು ರಸ್ತೆ, ನಮ್ಮ ಮಡಿಕೇರಿ–ಸಂಪಾಜೆ ರಸ್ತೆಗಿಂತ ಎಷ್ಟೋ ಮೇಲು. ವವುನಿಯಾ ದಾಟಿದ ಮೇಲೆ ಬೆಟ್ಟಗಳ ನೆನಪೇ ಹೋಗುತ್ತದೆ. ಒಣ ಕುರುಚಲು, ಕೆರೆಗಳು, ತಾಳೆಮರಗಳು, ಕಣ್ಣು ಕುಕ್ಕುವ ಬಿಸಿಲು. ಈ ಸಮತಟ್ಟು ನೆಲದ ಚೆಲುವು ಕೂಡಲೇ ಕಣ್ಣಿಗೆ ಬೀಳುವಂಥದ್ದಲ್ಲ. ಗುಡ್ಡಗಾಡಿನಲ್ಲಿ ಹುಟ್ಟಿದ ಕಣ್ಣಿಗಂತೂ ಅದು ನಿಧಾನವಾಗಿ ಒಲಿಯುತ್ತದೆ. ಜಾಫ್ನಾದ ಹಿನ್ನೀರಿನಲ್ಲಿ ರಾಜಹಂಸಗಳು ಇಳಿಯುವುದನ್ನು ಬೆಳಗಿನ ಬೆಳಕಿನಲ್ಲಿ ನೋಡಿದವರಿಗೆ, ಇಂಥ ಜಾಗಕ್ಕಾಗಿ ಜನ ಯಾಕೆ ಪ್ರಾಣ ಬಿಡುತ್ತಾರೆಂಬುದು ಸ್ವಲ್ಪ ತಿಳಿಯಬಹುದು, ಆದರೆ ಯಾಕೆ ಪ್ರಾಣ ತೆಗೆಯುತ್ತಾರೆಂಬುದು ತಿಳಿಯುವುದಿಲ್ಲ.

ಕಿಲಿನೊಚ್ಚಿಯಲ್ಲಿ ರಸ್ತೆಯ ಪಕ್ಕಕ್ಕೆ ಬೃಹತ್ತಾದ ನೀರಿನ ಟ್ಯಾಂಕೊಂದು ಬುಡಮೇಲಾಗಿ ಬಿದ್ದಿತ್ತು. 2009ರ ಜನವರಿ 2ರಂದು ಸೇನೆ ಈ ಊರನ್ನು ಹಿಡಿಯಿತು. ಅಲ್ಲಿಯವರೆಗೆ ಇದು ಎಲ್‌ಟಿಟಿಇಯ ರಾಜಧಾನಿ. ಬಿದ್ದ ಟ್ಯಾಂಕನ್ನೇ ಸ್ಮಾರಕವಾಗಿ ಉಳಿಸಿಕೊಂಡಿದ್ದರು. ಇನ್ನೂ ಮುಂದೆ ಎಲಿಫೆಂಟ್ ಪಾಸ್, ಜಾಫ್ನಾ ಪರ್ಯಾಯ ದ್ವೀಪಕ್ಕೆ ಹೋಗುವ ಕಿರಿದಾದ ನೆಲದ ಪಟ್ಟಿ. ಅಲ್ಲಿ 1991ರ ಕದನದಲ್ಲಿ ಎಲ್‌ಟಿಟಿಇ ಬಳಸಿದ, ಉಕ್ಕಿನ ಕವಚ ತೊಡಿಸಿದ ಬುಲ್ಡೋಜರು ಮತ್ತು ಅದನ್ನು ತಡೆದು ಸತ್ತ ಗಾಮಿನಿ ಕುಲರತ್ನ ಎಂಬ ಯೋಧನ ಸ್ಮಾರಕವಿದೆ. ಅಲ್ಲಿಂದ ಸ್ವಲ್ಪವೇ ಮುಂದೆ ಮುಹಮಾಲೈ. ರಸ್ತೆಯಂಚಿನ ಕಡ್ಡಿಗಳಿಗೆ ಸಿಕ್ಕಿಸಿದ ಕೆಂಪು ಫಲಕದಲ್ಲಿ ತಲೆಬುರುಡೆಯ ಗುರುತು: ನೆಲಬಾಂಬುಗಳ ಎಚ್ಚರಿಕೆ. ಮುಖಕ್ಕೆ ಪಾರದರ್ಶಕ ಮುಚ್ಚಿಗೆ ಹಾಕಿಕೊಂಡ ಹೆಂಗಸರು ಮೊಣಕಾಲೂರಿ ಕೂತು ಅಂಗುಲ ಅಂಗುಲವಾಗಿ ಮಣ್ಣು ಕೆರೆಯುತ್ತಿರುತ್ತಾರೆ. ದೂರದಿಂದ ನೋಡಿದರೆ ಕಳೆ ಕೀಳುತ್ತಿದ್ದಾರೆ ಎನಿಸುತ್ತದೆ. ಅವರ ಹಿಂದೆ, ಶೆಲ್ ಬಿದ್ದು ಗರಿಯ ಕಿರೀಟ ಹಾರಿಹೋಗಿ ಬರೀ ಕಂಬವಾಗಿ ನಿಂತ ತಾಳೆಮರಗಳು.

ಗೆದ್ದವರ ಸ್ಮಾರಕಗಳು ರಸ್ತೆಯುದ್ದಕ್ಕೂ ಇವೆ. ಸೋತವರ ಗೋರಿಗಳನ್ನು ಯುದ್ಧದ ನಂತರ ಯಂತ್ರ ಹಾಯಿಸಿ ಸಮ ಮಾಡಲಾಯಿತು. ಇವೆರಡರ ನಡುವೆ, ಹೋರಾಡಿದವರೂ ಅಲ್ಲದ, ಗೋರಿಯೂ ಇಲ್ಲದ ಜನರಿದ್ದಾರೆ. ಯುದ್ಧದ ಕೊನೆಯ ತಿಂಗಳುಗಳಲ್ಲಿ ಮುಲ್ಲೈತೀವಿನ ಕಡಲು ಮತ್ತು ನಂದಿಕಡಲ್ ಹಿನ್ನೀರಿನ ನಡುವಿನ ಮರಳ ಪಟ್ಟಿಯೊಳಗೆ ಲಕ್ಷಗಟ್ಟಲೆ ಮಂದಿ ಸಿಕ್ಕಿಕೊಂಡರು. ಒಂದು ಕಡೆ ಸೇನೆಯ ಶೆಲ್ಲುಗಳು, ಇನ್ನೊಂದು ಕಡೆ ಹೊರಗೆ ಹೋಗಲು ಬಿಡದೆ ಅವರನ್ನೇ ಗುರಾಣಿ ಮಾಡಿಕೊಂಡ ಎಲ್‌ಟಿಟಿಇ. ನಾಗರಿಕರ ಸಾವು 40,000ದಷ್ಟು ಇರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಯುದ್ಧ ಮುಗಿದ ದಿನವಾದ ಮೇ 18ರಂದು ಅಲ್ಲಿ, ಆ ಮರಳ ಪಟ್ಟಿಯ ಊರಿನ ಹೆಸರಿನಲ್ಲಿ, ಮುಳ್ಳಿವಾಯ್ಕಾಲ್ ಗಂಜಿ ಹಂಚುತ್ತಾರೆ, ಆ ದಿನಗಳಲ್ಲಿ ಜನ ಜೀವ ಹಿಡಿದದ್ದು ಅಕ್ಕಿ ನೀರಿನ ಗಂಜಿಯ ಮೇಲೆ ಎಂಬ ನೆನಪಿಗೆ. ನಾನು ಹೋದಾಗ ಆ ಕಡಲತೀರ ನಿಚ್ಚಳ ನೀಲಿಯಾಗಿತ್ತು, ಬೆಸ್ತರು ಬಲೆ ಎಳೆಯುತ್ತಿದ್ದರು. ಅಲ್ಲಿ ತೆಗೆದ ಚಿತ್ರವನ್ನು ಕಡಲತೀರದ ಚಿತ್ರವೆಂದಷ್ಟೇ ಯಾರಿಗಾದರೂ ಕೊಡಲು ನನ್ನ ಕೈ ಬರುವುದಿಲ್ಲ.

ಕಿಲಿನೊಚ್ಚಿಯ ಕಂದಸ್ವಾಮಿ ದೇವಸ್ಥಾನದ ಹತ್ತಿರ, ಎ-9 ರಸ್ತೆಯ ಪಕ್ಕದಲ್ಲೇ, 2017ರ ಫೆಬ್ರವರಿ 20ರಂದು ಕೆಲವು ಹೆಂಗಸರು ಕುಳಿತರು. ಅದೇ ತಿಂಗಳು ವವುನಿಯಾದಲ್ಲೂ ಕುಳಿತರು. ಯುದ್ಧದ ಕೊನೆಯಲ್ಲಿ ಸೇನೆಗೆ ಶರಣಾದ, ಶಿಬಿರದ ಬಾಗಿಲಲ್ಲಿ ಬಸ್ ಹತ್ತಿಸಿಕೊಂಡು ಹೋದ, ಅಥವಾ ಅದಕ್ಕೂ ಮೊದಲು ಬಿಳಿ ವ್ಯಾನಿನಲ್ಲಿ ಬಂದವರು ಎಳೆದೊಯ್ದ ಮಕ್ಕಳು ಎಲ್ಲಿದ್ದಾರೆಂದು ಹೇಳಿ ಎಂಬುದೊಂದೇ ಅವರ ಕೇಳಿಕೆ. ಕಾಣೆಯಾದವರೆಂದು ಅಂತಾರಾಷ್ಟ್ರೀಯ ರೆಡ್ ಕ್ರಾಸ್ ದಾಖಲಿಸಿಕೊಂಡ ಹೆಸರುಗಳೇ 16,000ಕ್ಕೂ ಹೆಚ್ಚು. ಕಾಣೆಯಾದವರ ಕಚೇರಿಯೆಂದು ಒಂದನ್ನು ಸರ್ಕಾರ 2018ರಲ್ಲಿ ತೆರೆಯಿತು. ತಾಯಂದಿರಿಗೆ ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ. ಅಲ್ಲಿ ಕುಳಿತವರಲ್ಲಿ ಹಲವರು ಉತ್ತರ ಸಿಗದೆಯೇ ತೀರಿಕೊಂಡಿದ್ದಾರೆ.

ಅವರ ಕೈಯಲ್ಲಿದ್ದ ಫೋಟೋಗಳನ್ನು ನಾನು ನನ್ನ ಕಸುಬಿನ ಕಣ್ಣಿನಿಂದ ನೋಡಿದೆ. ಬೇರೆ ಕಣ್ಣು ನನಗಿಲ್ಲ. ಹೆಚ್ಚಿನವು ಗುರುತಿನ ಚೀಟಿಗೋ ಪರೀಕ್ಷೆಯ ಅರ್ಜಿಗೋ ತೆಗೆಸಿದ ಪಾಸ್‌ಪೋರ್ಟ್ ಸೈಜ್ ಚಿತ್ರಗಳು, ಆಮೇಲೆ ದೊಡ್ಡದು ಮಾಡಿಸಿದವು. ದೊಡ್ಡದು ಮಾಡಿದಾಗ ಮುಖ ಸಣ್ಣ ಸಣ್ಣ ಚೌಕಗಳಾಗಿ ಒಡೆದಿದೆ. ಒಬ್ಬ ತಾಯಿಯ ಕೈಯಲ್ಲಿದ್ದ ಹುಡುಗನಿಗೆ ಸ್ಟುಡಿಯೊದವರು ಕೋಟು, ಟೈ ಅಂಟಿಸಿದ್ದರು. ಕೊಡಗಿನಲ್ಲೂ ನಾವು ತೀರಿಹೋದವರ ಚಿತ್ರ ದೊಡ್ಡದು ಮಾಡುವಾಗ ಹೀಗೇ ಮಾಡುತ್ತೇವೆ, ಕುತ್ತಿಗೆಯ ಹತ್ತಿರ ಬಣ್ಣದ ವ್ಯತ್ಯಾಸದಿಂದ ಗೊತ್ತಾಗಿಬಿಡುತ್ತದೆ. ಲ್ಯಾಮಿನೇಷನ್ ಹಾಳೆಯ ಅಂಚು ಬಿಟ್ಟುಕೊಂಡು ಮಳೆನೀರು ಒಳಗೆ ಇಳಿದು, ಎಡಗಿವಿಯಿಂದ ಕೆನ್ನೆಯ ಅರ್ಧದವರೆಗೆ ಬಿಳಿಯ ಕಲೆ ಹಬ್ಬಿತ್ತು. ಇನ್ನು ಒಂದೆರಡು ಮಳೆಗಾಲ ಕಳೆದರೆ ಮುಖವೇ ಹೋಗುತ್ತದೆ.

ಆ ಫೋಟೋಗಳಲ್ಲಿ ಒಂದಕ್ಕೂ ಹಾರವಿರಲಿಲ್ಲ. ಗಂಧವಿಲ್ಲ, ಕುಂಕುಮವಿಲ್ಲ, ಮುಂದೆ ದೀಪವಿಲ್ಲ. ನಮ್ಮಲ್ಲಿ ಹೇಗೋ ಅಲ್ಲಿಯೂ ಹಾಗೆಯೇ: ಫೋಟೋಗೆ ಹಾರ ಹಾಕಿದರೆ ಆ ಮನುಷ್ಯ ಸತ್ತ ಎಂದು ಮನೆಯವರು ಒಪ್ಪಿಕೊಂಡಂತೆ. ಮರಣ ಪತ್ರ ತೆಗೆದುಕೊಳ್ಳಿ, ಪರಿಹಾರ ಕೊಡುತ್ತೇವೆ ಎಂದು ಅಧಿಕಾರಿಗಳು ಹೇಳಿದಾಗ ಬಹಳ ಮಂದಿ ಬೇಡವೆಂದರು. ಸತ್ತನೆಂದರೆ ಎಲ್ಲಿ, ಯಾವಾಗ, ಯಾರ ಕೈಯಲ್ಲಿ ಎಂದು ಹೇಳಬೇಕಲ್ಲ? ಹಾರ ಹಾಕದ ಆ ಚಿತ್ರ ಒಂದು ರಾಜ್ಯದ ಮುಂದೆ ಹಿಡಿದ ಪ್ರಶ್ನೆ; ಯಾರೋ ಹೆಸರಿಲ್ಲದ ಸ್ಟುಡಿಯೊದವನು ಅರ್ಜಿಗೆಂದು ಕ್ಲಿಕ್ಕಿಸಿದ ಚಿತ್ರ ಮಾಡುತ್ತಿರುವಷ್ಟು ಕೆಲಸವನ್ನು ಪ್ರಶಸ್ತಿ ಗೆದ್ದ ಎಷ್ಟೋ ಚಿತ್ರಗಳು ಮಾಡಲಿಲ್ಲವೆಂದು ನನಗೆ ಅನಿಸಿದೆ. ಅಲ್ಲಿ ನಾನು ಕ್ಯಾಮರಾ ತೆಗೆಯುವ ಮೊದಲು ಕೇಳಿದೆ. "ತೆಗೆಯಿರಿ, ಆದರೆ ನನ್ನ ಮುಖ ಬೇಡ, ಮಗನ ಮುಖ ಸರಿಯಾಗಿ ಬರಲಿ" ಎಂದರು ಒಬ್ಬರು. ನಾನು ತೆಗೆದದ್ದು ಹಾಗೆಯೇ: ಕೈಗಳು, ಮತ್ತು ಫೋಟೋ.

ಈ ದೇಶದಲ್ಲಿ ಫೋಟೋ ಮಾಡಿದ ಕೆಲಸದ ಇನ್ನೊಂದು ಉದಾಹರಣೆ 1983ರ ಜುಲೈನದು. ಜಾಫ್ನಾದ ತಿರುನಲ್ವೇಲಿಯಲ್ಲಿ ಜುಲೈ 23ರ ರಾತ್ರಿ ಎಲ್‌ಟಿಟಿಇ 13 ಸೈನಿಕರನ್ನು ಕೊಂದಿತು. ಮರುದಿನದಿಂದ ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು, ಮತದಾರರ ಪಟ್ಟಿ ಹಿಡಿದು ಮನೆ ಹುಡುಕಿ ಕೊಂದರು. ಆಗ ಕೊಲಂಬೊದ ಬೊರೆಲ್ಲದಲ್ಲಿ ಬಟ್ಟೆ ಕಿತ್ತ ತಮಿಳು ಯುವಕನೊಬ್ಬ ಮುದುಡಿ ಕುಳಿತಿರುವ, ಸುತ್ತ ನಿಂತ ಹುಡುಗರು ಕುಣಿಯುವಂತೆ ನಗುತ್ತಿರುವ ಚಿತ್ರವನ್ನು ಚಂದ್ರಗುಪ್ತ ಅಮರಸಿಂಘೆ ಎಂಬ ಸಿಂಹಳೀಯ ಛಾಯಾಗ್ರಾಹಕ ತೆಗೆದರು. ಆ ಗುಂಪಿನ ನಡುವೆ ಕ್ಯಾಮರಾ ಎತ್ತುವುದೆಂದರೆ ಏನೆಂದು ಕ್ಯಾಮರಾ ಹಿಡಿದವರಿಗೆ ಗೊತ್ತು. ಕಪ್ಪು ಜುಲೈ ಎಂದು ಕರೆಯುವ ಈ ಹತ್ಯಾಕಾಂಡ ನಡೆದೇ ಇಲ್ಲವೆಂದು ಯಾರೂ ಹೇಳಲಾಗದಂತೆ ಆ ಒಂದು ಚಿತ್ರ ಅಡ್ಡ ನಿಂತಿದೆ. ಅದಕ್ಕೂ ಎರಡು ವರ್ಷ ಮೊದಲು, 1981ರ ಮೇ ಕೊನೆಯ ರಾತ್ರಿ, ಜಾಫ್ನಾದ ಸಾರ್ವಜನಿಕ ಗ್ರಂಥಾಲಯವನ್ನು ಸುಟ್ಟಾಗ 97,000ದಷ್ಟು ಪುಸ್ತಕ, ತಾಳೆಗರಿಗಳು ಬೂದಿಯಾದವು. ಈಗ ಬೆಳ್ಳಗೆ ಎದ್ದು ನಿಂತ ಆ ಕಟ್ಟಡದ ಮುಂದೆ ಸರಸ್ವತಿಯ ಮೂರ್ತಿಯಿದೆ. ಜಾಫ್ನಾದ ಮುಸ್ಲಿಮರ ಓಣಿಗಳಲ್ಲಿ ಮಾಡಿಲ್ಲದ ಮನೆಗಳು ಇನ್ನೂ ಸಿಗುತ್ತವೆ. 1990ರ ಅಕ್ಟೋಬರಿನಲ್ಲಿ ಎಲ್‌ಟಿಟಿಇ ಉತ್ತರ ಪ್ರಾಂತ್ಯದ ಮುಸ್ಲಿಮರೆಲ್ಲರನ್ನೂ, 70,000ಕ್ಕೂ ಹೆಚ್ಚು ಮಂದಿಯನ್ನು, ಹೊರಗಟ್ಟಿತು. ಜಾಫ್ನಾದವರಿಗೆ ಕೊಟ್ಟ ಗಡುವು ಎರಡು ಗಂಟೆ. ಅಷ್ಟು ಹೊತ್ತಿನಲ್ಲಿ ಯಾರು ತಾನೇ ಆಲ್ಬಮ್ ಹುಡುಕಿ ಎತ್ತಿಕೊಂಡಾರು?

ದಕ್ಷಿಣದ ತೆಂಗಿನ ತೋಟಗಳ ನಡುವೆಯೂ ಇದೇ ಫೋಟೋಗಳಿವೆ, ಸಿಂಹಳೀಯ ತಾಯಂದಿರ ಕೈಯಲ್ಲಿ. 1987ರಿಂದ 89ರವರೆಗೆ ಜೆವಿಪಿ ಎಂಬ ಎಡಪಂಥೀಯ ಪಕ್ಷ ನಡೆಸಿದ ದಂಗೆಯ ಕಾಲದಲ್ಲಿ ದಂಗೆಕೋರರು ಕೊಂದರು, ಸರ್ಕಾರದ ಪಡೆಗಳು ಇನ್ನೂ ಹೆಚ್ಚು ಕೊಂದವು. ಸಾವಿರಾರು ಯುವಕರು ಕಾಣೆಯಾದರು. 1990ರಲ್ಲಿ ಮಾತರದ ಕಡೆಯ ತಾಯಂದಿರು ಸಂಘ ಕಟ್ಟಿ ಬೀದಿಗೆ ಬಂದರು. ಅವರ ಪರವಾಗಿ ಜಿನೀವಾದ ವಿಶ್ವಸಂಸ್ಥೆಯವರೆಗೆ ದೂರು ಹೊತ್ತೊಯ್ದ ವಿರೋಧ ಪಕ್ಷದ ಸಂಸದರಲ್ಲಿ ಮಹಿಂದ ರಾಜಪಕ್ಸೆಯೂ ಒಬ್ಬರು. 2009ರಲ್ಲಿ ಉತ್ತರದ ತಾಯಂದಿರು ಮಕ್ಕಳನ್ನು ಕಳೆದುಕೊಳ್ಳುವಾಗ ರಾಷ್ಟ್ರಾಧ್ಯಕ್ಷರಾಗಿದ್ದವರೂ ಅವರೇ. ಈ ಎರಡು ಸಾಲುಗಳನ್ನು ಒಂದರ ಪಕ್ಕ ಒಂದು ಬರೆದಿಟ್ಟರೆ ಸಾಕು, ನಾನು ಹೆಚ್ಚು ಹೇಳಬೇಕಾಗಿಲ್ಲ.

ಕೊಡಗಿನಿಂದ ಶ್ರೀಲಂಕಾಕ್ಕೆ ನನಗಿಂತ ಮೊದಲು ಹೋದವರು ಸೈನಿಕರು. 1987ರ ಜುಲೈ 29ರ ಒಪ್ಪಂದದ ಮೇರೆಗೆ ಭಾರತ ಕಳಿಸಿದ ಶಾಂತಿ ಪಾಲನಾ ಪಡೆ, ಕೆಲವೇ ತಿಂಗಳಲ್ಲಿ ಎಲ್‌ಟಿಟಿಇಯೊಂದಿಗೆ ಯುದ್ಧಕ್ಕೆ ಬಿದ್ದು, 1990ರ ಮಾರ್ಚಿನಲ್ಲಿ ವಾಪಸಾಗುವಷ್ಟರಲ್ಲಿ ಸುಮಾರು 1,200 ಮಂದಿಯನ್ನು ಕಳೆದುಕೊಂಡಿತ್ತು. ನಮ್ಮ ಬೀದಿಯಲ್ಲಿರುವ, ನಾನು ಮಾವ ಎಂದು ಕರೆಯುವ ನಿವೃತ್ತ ಸುಬೇದಾರರು ಆ ಪಡೆಯಲ್ಲಿದ್ದವರು. ಅಲ್ಲಿನ ಮಾತೆತ್ತಿದರೆ ಹವಾಮಾನದ ವಿಷಯಕ್ಕೆ ಹೊರಳುವವರು, ನಾನು ಹೊರಡುವಾಗ ಮಾತ್ರ ಒಂದು ಚೀಟಿಯಲ್ಲಿ ಗೆಳೆಯನೊಬ್ಬನ ಹೆಸರು ಬರೆದುಕೊಟ್ಟರು. ಕೊಲಂಬೊದ ಪಕ್ಕದ ಬತ್ತರಮುಲ್ಲದಲ್ಲಿ, ಸಂಸತ್ತಿಗೆ ಹತ್ತಿರ, ಆ ಪಡೆಯ ಸ್ಮಾರಕವಿದೆ. ಕಪ್ಪು ಕಲ್ಲಿನ ಮೇಲೆ ಹೆಸರುಗಳನ್ನು ಕೊರೆದಿದ್ದಾರೆ. ಹುಡುಕಿದೆ, ಸಿಕ್ಕಿತು. ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಕಾದು, ಅಕ್ಷರದ ಕೊರೆತ ಸ್ಪಷ್ಟವಾಗಿ ಬರುವಂತೆ ಚಿತ್ರ ತೆಗೆದೆ.

ಅದನ್ನು ಕೊಡುವಾಗ ಇನ್ನೊಂದು ವಿಷಯವನ್ನೂ ಹೇಳಲೇಬೇಕಿತ್ತು. 1987ರ ಅಕ್ಟೋಬರ್ 21ರಂದು, ದೀಪಾವಳಿಯ ದಿನ, ನಮ್ಮ ಪಡೆ ಜಾಫ್ನಾದ ಆಸ್ಪತ್ರೆಗೆ ನುಗ್ಗಿತು. ವೈದ್ಯರು, ದಾದಿಯರು, ರೋಗಿಗಳು ಸೇರಿ 60ಕ್ಕೂ ಹೆಚ್ಚು ಮಂದಿ ಗುಂಡಿಗೆ ಬಲಿಯಾದರು. ಆಸ್ಪತ್ರೆಯವರು ಪ್ರತಿವರ್ಷ ಮಡಿದ ಸಹೋದ್ಯೋಗಿಗಳ ಚಿತ್ರಗಳ ಮುಂದೆ ದೀಪ ಹಚ್ಚುತ್ತಾರೆ. ಆ ಚಿತ್ರಗಳಿಗೆ ಹಾರವಿದೆ, ಯಾಕೆಂದರೆ ಅಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. "ಮಾವ, ಅಲ್ಲಿನವರು ನಮ್ಮವರನ್ನು ಹೀಗೂ ನೆನೆಯುತ್ತಾರೆ" ಎಂದೆ. ಅವರು ಹೆಸರಿನ ಚಿತ್ರವನ್ನು ಟೀಪಾಯಿಯ ಮೇಲೆ ನೇರ ಮಾಡಿ ಇಟ್ಟರು. "ಗೊತ್ತು. ನಾನು ಆ ಕಡೆ ಇರಲಿಲ್ಲ, ಆದರೆ ಗೊತ್ತು. ನೀನು ಬರೆಯುವುದಾದರೆ ಎರಡನ್ನೂ ಬರಿ" ಎಂದರು. ಸೈನಿಕರ ಚಿತ್ರಗಳಿಲ್ಲದ ಮನೆ ಕೊಡಗಿನಲ್ಲಿ ಸಿಗುವುದೇ ಕಷ್ಟ. ಕೊಡವರ ಮನೆತನದ ಹಿರಿಮನೆಗಳಾದ ಐನ್‌ಮನೆಗಳ ಗೋಡೆಯ ಮೇಲೆ ತಲೆಮಾರುಗಳ ಸಮವಸ್ತ್ರಗಳಿವೆ. ಅಂಥ ಊರಿನ ಹಿರಿಯರೊಬ್ಬರು ಹೀಗೆ ಹೇಳಿದ್ದು ನನಗೆ ಬಲ ಕೊಟ್ಟಿದೆ.

ನಮ್ಮ ಊರಿನದು ಯುದ್ಧದ ಕತೆಯಲ್ಲ, ಹೋಲಿಸುವುದೂ ಸರಿಯಲ್ಲ. ಆದರೂ ಚೆಲುವಾದ ನಾಡನ್ನು ಹೊರಗಿನವರು ಹೇಗೆ ನೋಡುತ್ತಾರೆಂಬುದು ಕೊಡಗಿನವರಿಗೆ 2018ರ ಆಗಸ್ಟಿನಲ್ಲಿ ಚೆನ್ನಾಗಿ ತಿಳಿಯಿತು. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆಯ ಕಡೆ ಗುಡ್ಡಗಳು ಜಾರಿ ಬಂದು ಮನೆ, ತೋಟ, ಜನ ಎಲ್ಲವನ್ನೂ ಎಳೆದುಕೊಂಡು ಹೋದವು. ಕೆಲವೇ ತಿಂಗಳಲ್ಲಿ ಅದೇ ಕೆಂಪು ಮಣ್ಣಿನ ಗಾಯದ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುವವರು ಬಂದರು. ಈಗ ಆ ಗುಡ್ಡಗಳಲ್ಲಿ ಹುಲ್ಲು ಎದ್ದಿದೆ, ಫೋಟೋದಲ್ಲಿ ಚೆನ್ನಾಗಿ ಬರುತ್ತವೆ. ಮಣ್ಣಿನಡಿ ಹೋದವರಲ್ಲಿ ಎಲ್ಲರ ದೇಹವೂ ಸಿಗಲಿಲ್ಲ. ಪರಿಹಾರ ಶಿಬಿರದಲ್ಲಿದ್ದ ಒಬ್ಬರು ನನ್ನ ಸ್ಟುಡಿಯೊಗೆ ಬಂದು, ತಮ್ಮ ಮದುವೆಯ ಆಲ್ಬಮ್ಮಿನ ಫೈಲು ನನ್ನ ಕಂಪ್ಯೂಟರಿನಲ್ಲಿ ಉಳಿದಿದೆಯೇ ಎಂದು ಕೇಳಿದ್ದರು. ಅಮ್ಮನ ಚಿತ್ರ ಬೇರೆ ಎಲ್ಲಿಯೂ ಇರಲಿಲ್ಲ. ಉಳಿದಿತ್ತು. ಅಂದಿನಿಂದ ನಾನು ಹಳೆಯ ಫೈಲುಗಳನ್ನು ಅಳಿಸುವುದನ್ನು ನಿಲ್ಲಿಸಿದ್ದೇನೆ.

ಕಿಲಿನೊಚ್ಚಿಯಲ್ಲಿ ಮಳೆನೀರು ಇಳಿದ ಆ ಚಿತ್ರವನ್ನು ನೋಡಿದಾಗ ನನ್ನಿಂದ ಆಗುವ ಕೆಲಸ ಯಾವುದೆಂದು ಸಂದೇಹವಿರಲಿಲ್ಲ. ಮುಂದಿನ ಸಲ ಹೋಗುವಾಗ ಎರಡು ಸಣ್ಣ ದೀಪ, ಒಂದು ಮಡಚುವ ಸ್ಟ್ಯಾಂಡು, ಮ್ಯಾಕ್ರೊ ಲೆನ್ಸ್ ಒಯ್ದೆ. ತಾಯಂದಿರು ಕುಳಿತ ಟೆಂಟಿನ ಹಿಂದಿನ ನೆರಳಿನಲ್ಲಿ ಮೇಜು ಹಾಕಿಕೊಂಡು, ಯಾರು ಬಯಸಿದರೋ ಅವರ ಫೋಟೋಗಳನ್ನು ಲ್ಯಾಮಿನೇಷನ್ನಿನ ಹೊಳಪು ಬಾರದಂತೆ ಎರಡೂ ಬದಿಯಿಂದ ಬೆಳಕು ಕೊಟ್ಟು ನಕಲು ತೆಗೆದೆ. ಈಗ ಮಡಿಕೇರಿಯಲ್ಲಿ ಕೂತು ಅವುಗಳನ್ನು ಸರಿಪಡಿಸುತ್ತಿದ್ದೇನೆ. ಮುಖದ ಒಂದು ಬದಿ ಅಳಿಸಿಹೋಗಿದ್ದರೆ ಇನ್ನೊಂದು ಬದಿಯನ್ನು ತಿರುಗಿಸಿ ಅಂಟಿಸುವುದು ನಮ್ಮ ಕಸುಬಿನಲ್ಲಿ ಸುಲಭದ ದಾರಿ, ಅದನ್ನು ನಾನು ಮಾಡುತ್ತಿಲ್ಲ. ಉಳಿದ ಗುರುತಿನಿಂದ ಎಷ್ಟು ಬರುತ್ತದೋ ಅಷ್ಟೇ. ಕೋಟು ಹಾಕಿಸಿಕೊಂಡ ಆ ಹುಡುಗನ ತಾಯಿ, ಮನೆಯಲ್ಲಿದ್ದ ಮೂಲ ಚಿತ್ರವನ್ನು ತಂದುಕೊಟ್ಟು, "ಕೋಟು ಬೇಡ, ಶಾಲೆಯ ಅಂಗಿಯೇ ಇರಲಿ" ಎಂದಿದ್ದಾರೆ. ಹುಬ್ಬಿನ ಮೇಲೆ ಬಿದ್ದ ಗಾಯದ ಗೆರೆಯನ್ನು ಅಳಿಸಿ ಮುಖ ನಯ ಮಾಡಬೇಡಿ, ಅವನನ್ನು ಗುರುತು ಹಿಡಿಯುವುದು ಅದರಿಂದಲೇ ಎಂದೂ ಹೇಳಿದ್ದಾರೆ. ಪ್ರತಿ ನಕಲಿನ ಹಿಂಬದಿಗೆ ಹೆಸರು, ಊರು, ಕೊನೆಯ ಬಾರಿ ನೋಡಿದ ದಿನ, ಜಾಗ ಇಷ್ಟನ್ನು ಅವರೇ ಹೇಳಿದಂತೆ ತಮಿಳಿನಲ್ಲಿ ಅಚ್ಚು ಮಾಡಿಸುತ್ತಿದ್ದೇನೆ. ತಮಿಳು ಬರೆಯಲು ಬರುವ ಸುಳ್ಯದ ಗೆಳೆಯರೊಬ್ಬರು ಕಾಗುಣಿತ ನೋಡಿಕೊಡುತ್ತಾರೆ. ಇನ್ನೂ ಸಾಕಷ್ಟು ಉಳಿದಿವೆ. ಆಷಾಢದಲ್ಲಿ ಮದುವೆಗಳಿಲ್ಲ, ಸ್ಟುಡಿಯೊದಲ್ಲಿ ಕೆಲಸ ಕಡಿಮೆ. ಅಲ್ಲಿ ಹಿಂಗಾರು ಶುರುವಾಗುವ ಅಕ್ಟೋಬರಿಗೆ ಮೊದಲು ಎಲ್ಲವನ್ನೂ ಮುಗಿಸಿ ತಲುಪಿಸಬೇಕು.